ಬೇಲಿಗೂಟವಲ್ಲದ ಸಾಕ್ಷಿ

ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎನ್ನುತ್ತದೆ ಗಾದೆ. ಒಳಗೊಳಗೇ ಒಂದಾದವರ ಸಾಕ್ಷ್ಯವನ್ನು ತಡೆಯುವುದು ಹೇಗೆ? 2019ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಶುರುವಾದ ಹೀಲಿಯಂ ಎಂಬ ನಿಸ್ತಂತು ಜಾಲ ಈ ಹಳೆಯ ಪ್ರಶ್ನೆಗೆ ಕಂಡುಕೊಂಡ ಉತ್ತರ ನನಗೆ ಬಹಳ ಇಷ್ಟ.

ಜನ ತಮ್ಮ ಮನೆಗಳಲ್ಲಿಟ್ಟ ಪುಟ್ಟ ರೇಡಿಯೋ ಪೆಟ್ಟಿಗೆಗಳೇ ಈ ಜಾಲದ ಗೋಪುರಗಳು. ‘ನಾನು ಇಲ್ಲಿದ್ದೇನೆ’ ಎಂದು ಪೆಟ್ಟಿಗೆಯೊಂದು ಹೇಳಿದರೆ ಸಾಲದು. ಅದರ ಸಂಕೇತ ಕೇಳಿಸಿಕೊಂಡ ಬೇರೆ ಪೆಟ್ಟಿಗೆಗಳು ಹೌದೆನ್ನಬೇಕು. ಆ ಸಾಕ್ಷಿಗಳ ಆಯ್ಕೆಯಲ್ಲೇ ಇದೆ ಜಾಣ್ಮೆ. ಸಾಕ್ಷಿಯನ್ನು ಹೆಸರಿಸುವ ಹಕ್ಕು ಹೇಳಿಕೆ ಕೊಟ್ಟವನಿಗಿಲ್ಲ. 300 ಮೀಟರಿಗಿಂತ ಹತ್ತಿರದ್ದಾದರೆ ಸಾಕ್ಷ್ಯ ನಡೆಯದು. ಒಂದೇ ಕೋಣೆಯಲ್ಲಿ ಹತ್ತು ಪೆಟ್ಟಿಗೆ ಜೋಡಿಸಿ ಒಂದಕ್ಕೊಂದು ಸಾಕ್ಷಿ ಹಾಕಿಸಿದರೆ ಫಲವಿಲ್ಲ. ದೂರ ಹೆಚ್ಚಿದಂತೆ ರೇಡಿಯೋ ಅಲೆ ಸೊರಗಲೇಬೇಕು; ದೂರದ್ದೆನ್ನುವ ಸಂಕೇತ ಅತಿ ಬಲವಾಗಿದ್ದರೆ ಅದೂ ಅನುಮಾನಕ್ಕೆ ಗುರಿ.

ಇಷ್ಟಾದರೂ ಸುಳ್ಳು ಸ್ಥಳ ನಮೂದಿಸಿ, ಪೆಟ್ಟಿಗೆ ಇಟ್ಟವರಿಗೆ ಜಾಲ ಕೊಡುವ ಹಣ ಗಳಿಸಿದವರಿದ್ದರು. ಅಂಥ ಮೋಸಗಳು ನಿಯಮಗಳನ್ನು ಇನ್ನಷ್ಟು ಬಿಗಿಗೊಳಿಸಿದವು. ಅಧಿಕಾರಿಯ ಮುದ್ರೆಯನ್ನಲ್ಲ, ದೂರವನ್ನೂ ಅಲೆಯ ಸ್ವಭಾವವನ್ನೂ ನಂಬಿದ ಈ ವ್ಯವಸ್ಥೆಯಲ್ಲಿ ನನಗೆ ಕಾಣುವುದು ಒಳ್ಳೆಯ ಪಂಚಾಯಿತಿಯ ವಿವೇಕ: ಸಾಕ್ಷಿಯಾದವನು ಕೇಳಿಸಿಕೊಳ್ಳುವಷ್ಟು ಹತ್ತಿರವಿರಬೇಕು, ಕೈಜೋಡಿಸಲಾಗದಷ್ಟು ದೂರವಿರಬೇಕು.