ಮೂರನೆಯ ದಿನದ ಕಾಲು

ಮಳೆ ಹಿಂದೆ ಸರಿದು ಮುಂಜಾನೆಗೆ ಸ್ವಲ್ಪ ಚಳಿ ಕಾಣಿಸಿಕೊಂಡರೆ ಸಾಕು, ಸೈಕಲ್ ಬಳಗಗಳ ವಾಟ್ಸ್‌ಆ್ಯಪ್ ಗುಂಪುಗಳಿಗೆ ಜೀವ ಬರುತ್ತದೆ. ‘ಈ ಸಲ ಎಲ್ಲಿಗೆ?’ ಎಂದು ಯಾರೋ ಕೇಳುತ್ತಾರೆ. ಅರ್ಧ ಗಂಟೆಯಲ್ಲಿ ಇಪ್ಪತ್ತು ಹೆಬ್ಬೆರಳು. ಅವುಗಳಲ್ಲಿ ನಿಜಕ್ಕೂ ಹೊರಡುವವು ಎಷ್ಟು ಎಂಬುದು ಮುಂಗಡ ಹಣ ಕೇಳಿದ ದಿನ ಗೊತ್ತಾಗುತ್ತದೆ. ಆದ್ದರಿಂದ ನಕ್ಷೆ ಬಿಡಿಸುವುದಕ್ಕೂ ಮೊದಲು ಮುಂಗಡ ವಸೂಲಿ ಮಾಡಿ. ಎಂಟು ಜನ ಉಳಿದರೆ ಹಬ್ಬ. ಹನ್ನೆರಡಕ್ಕಿಂತ ಹೆಚ್ಚಾದರೆ ಎರಡು ಗುಂಪು ಮಾಡಿ; ಒಂದೇ ಹೋಟೆಲಿನಲ್ಲಿ ಹದಿನೈದು ಜನಕ್ಕೆ ದೋಸೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತದೆ.

ಒಂದು ದಿನದಲ್ಲಿ ದೂರ ತುಳಿಯುವವರಿಗೆ ಈಗ ನಮ್ಮಲ್ಲಿ ಕೊರತೆಯಿಲ್ಲ. 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸುವ ಬ್ರೆವೆಗಳು ಬೆಂಗಳೂರು, ಮೈಸೂರು ಸುತ್ತಮುತ್ತ ನಡೆಯುತ್ತಲೇ ಇರುತ್ತವೆ. ಅದನ್ನು ಮುಗಿಸಿದವರು ಸಹಜವಾಗಿಯೇ ಲೆಕ್ಕ ಹಾಕುತ್ತಾರೆ: ಒಂದೇ ದಿನ 200 ಆಗಿದೆ, ದಿನಕ್ಕೆ 110ರಂತೆ ನಾಲ್ಕು ದಿನ ಯಾವ ಲೆಕ್ಕ? ಕೂಡಿಸುವುದರಲ್ಲಿ ತಪ್ಪಿಲ್ಲ, ತಪ್ಪಿರುವುದು ಕಾಲಿನ ಬಗೆಗಿನ ತಿಳಿವಳಿಕೆಯಲ್ಲಿ. ಬ್ರೆವೆ ಮುಗಿದ ಮರುದಿನ ಸೋಫಾ ಇರುತ್ತದೆ. ಇಲ್ಲಿ ಮರುದಿನ ಬೆಳಗ್ಗೆ ಐದಕ್ಕೆ ಅಲಾರಂ ಹೊಡೆಯುತ್ತದೆ. ಮಾಂಸಖಂಡದಲ್ಲಿ ಕೂಡಿಟ್ಟ ಗ್ಲೈಕೋಜೆನ್ ಒಂದು ರಾತ್ರಿಯ ಊಟದಲ್ಲಿ ಪೂರ್ತಿ ತುಂಬುವುದಿಲ್ಲ. ಮೊದಲ ದಿನದ ನೋವು ಜೋರಾಗುವುದು ಎರಡನೆಯ, ಮೂರನೆಯ ದಿನ. ಹೊಸ ಜಾಗದಲ್ಲಿ ನಿದ್ದೆಯೂ ಅರ್ಧಂಬರ್ಧ. ಹಾಗಾಗಿ ಬಹುದಿನದ ಸವಾರಿಯ ತಯಾರಿಯೆಂದರೆ ನನ್ನ ಪ್ರಕಾರ ಮೂರನೆಯ ದಿನದ ಬೆಳಗಿನ ತಯಾರಿ. ಉಳಿದ ದಿನಗಳು ಹೇಗೋ ಕಳೆದುಹೋಗುತ್ತವೆ.

ನಮ್ಮ ಕಡೆಯ ಸೈಕಲಿಗರಿಗೆ ಈ ಪಾಠ ಹೇಳಿದ್ದು 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್. ಅದರಲ್ಲಿ ಎಲ್ಲರೂ ಹೆದರುವುದು ಮಸಿನಗುಡಿಯಿಂದ ಊಟಿಗೆ ಏರುವ ಕಲ್ಲಟ್ಟಿ ಘಾಟಿಗೆ. 36 ಹೇರ್‌ಪಿನ್ ತಿರುವು, ಉಸಿರು ತೆಗೆದುಕೊಳ್ಳಲೂ ಬಿಡದ ಕಡಿದು. ತಾಜಾ ಕಾಲಿದ್ದರೆ ಅದೂ ಒಂದು ಘಾಟಿ ಅಷ್ಟೆ. ಸಾಮಾನ್ಯವಾಗಿ ಅದು ಎದುರಾಗುವುದು ಕಾಲು ದಣಿದ ಮೇಲೆ.

ಹೊಸ ಗುಂಪಿಗೆ ಕಲ್ಲಟ್ಟಿ ಬೇಡ. ನಾನು ಹೇಳುವ ದಾರಿ ಶಿವಮೊಗ್ಗದಿಂದ ಶಿವಮೊಗ್ಗಕ್ಕೆ. ಮೊದಲ ದಿನ ತೀರ್ಥಹಳ್ಳಿ, ಆಗುಂಬೆ ಹಾದು ಉಡುಪಿ, ಸುಮಾರು 150 ಕಿ.ಮೀ. ಎರಡನೆಯ ದಿನ ಕರಾವಳಿಯ ಹೆದ್ದಾರಿ ಹಿಡಿದು ಮುರುಡೇಶ್ವರ, ನೂರರ ಆಸುಪಾಸು. ಮೂರನೆಯ ದಿನ ಹೊನ್ನಾವರಕ್ಕೆ ಹೋಗಿ ಬಲಕ್ಕೆ ತಿರುಗಿ, ಶರಾವತಿಯ ಪಕ್ಕದಲ್ಲೇ ಗೇರುಸೊಪ್ಪೆ, ಅಲ್ಲಿಂದ ಘಾಟಿ ಹತ್ತಿ ಜೋಗ, ತೊಂಬತ್ತಕ್ಕೂ ಕಮ್ಮಿ. ನಾಲ್ಕನೆಯ ದಿನ ಸಾಗರದ ಮೇಲಾಗಿ ವಾಪಸ್, ಮತ್ತೆ ನೂರು. ಮಲೆನಾಡು, ಕಾಡು, ಕಡಲು, ಹೊಳೆ ಎಲ್ಲ ಬಂತು. ಡಿಸೆಂಬರಿನಲ್ಲಿ ಜೋಗದಲ್ಲಿ ನೀರು ಕಮ್ಮಿ ಎನ್ನುವ ಆಕ್ಷೇಪ ಇದ್ದೇ ಇದೆ. ನೀರು ತುಂಬಿದಾಗ ಹೋದರೆ ಆಗುಂಬೆಯಲ್ಲಿ ರಸ್ತೆಯೇ ಕಾಣುವುದಿಲ್ಲ, ಆಯ್ಕೆ ನಿಮ್ಮದು.

ಈ ಸುತ್ತನ್ನು ಉಲ್ಟಾ ಹೊಡೆಯಬೇಕು ಎನ್ನುವವರಿದ್ದಾರೆ. ಅವರ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಕರಾವಳಿಯಲ್ಲಿ ಹೊತ್ತೇರಿದ ಮೇಲೆ ಕಡಲ ಗಾಳಿ ಪಶ್ಚಿಮ, ವಾಯವ್ಯದಿಂದ ಬೀಸುತ್ತದೆ. ಉತ್ತರಕ್ಕೆ ಹೊರಟವನ ಎದೆಗೆ, ದಕ್ಷಿಣಕ್ಕೆ ಹೊರಟವನ ಬೆನ್ನಿಗೆ. ಮುರುಡೇಶ್ವರದಿಂದ ಉಡುಪಿಗೆ ಬಂದರೆ ಗಾಳಿಯೇ ತಳ್ಳುತ್ತದೆ, ನಿಜ. ಆದರೆ ಆಮೇಲೆ ಆಗುಂಬೆಯನ್ನು ಹತ್ತಬೇಕಲ್ಲ! ಸೋಮೇಶ್ವರದಿಂದ ಮೇಲಕ್ಕೆ 14 ತಿರುವು, ಒಂದೊಂದು ತಿರುವಿನ ಒಳಮಗ್ಗುಲೂ ಗೋಡೆಯ ಹಾಗೆ ನಿಂತಿದೆ. ಗೇರುಸೊಪ್ಪೆಯ ಘಾಟಿ ಉದ್ದ, ಆದರೆ ಸಮಾಧಾನದ್ದು. ಒಂದು ಲಯ ಹಿಡಿದು ಕೂತರೆ ದಣಿದ ಕಾಲೂ ಏರುತ್ತದೆ. ಗಾಳಿಗಾದರೆ ಉಪಾಯವಿದೆ. ಬೆಳಗ್ಗೆ ಆರಕ್ಕೆ ಉಡುಪಿ ಬಿಟ್ಟರೆ ಮರವಂತೆಯಲ್ಲಿ ಒಂದು ಕಡೆ ಕಡಲು, ಒಂದು ಕಡೆ ಸೌಪರ್ಣಿಕಾ ನೋಡಿಕೊಂಡೂ ಗಾಳಿ ಎದ್ದು ಬಲಿಯುವ ಹೊತ್ತಿಗೆ ಬಹುಪಾಲು ದಾರಿ ಮುಗಿದಿರುತ್ತದೆ. ಕಡಿದಿಗೆ ಅಂಥ ಉಪಾಯವಿಲ್ಲ, ಅದು ಮಧ್ಯಾಹ್ನವೂ ಅಷ್ಟೇ, ಮುಂಜಾನೆಯೂ ಅಷ್ಟೇ.

ಈಗ ಅಭ್ಯಾಸದ ಮಾತು. ವಾರಕ್ಕೊಮ್ಮೆ 50–60 ಕಿ.ಮೀ. ತುಳಿಯುವವರಿಗೆ ಹನ್ನೆರಡು ವಾರ ಬೇಕು. ವಾರದ ನಡುವೆ ಎರಡು ದಿನ ಒಂದೊಂದು ಗಂಟೆ, ಶನಿವಾರ ಮತ್ತು ಭಾನುವಾರ ಉದ್ದದ ಸವಾರಿ. ನಮ್ಮ ಬಹುತೇಕ ಗುಂಪುಗಳು ಮಾಡುವುದೇನೆಂದರೆ, ಭಾನುವಾರ ಮಾತ್ರ ಭರ್ಜರಿಯಾಗಿ 120 ಹೊಡೆದು, ಮಸಾಲೆದೋಸೆ ತಿಂದು, ಮತ್ತೆ ಮುಂದಿನ ಭಾನುವಾರದ ತನಕ ಸೈಕಲನ್ನು ಬಾಲ್ಕನಿಯಲ್ಲಿ ನಿಲ್ಲಿಸುವುದು. ಇದರಿಂದ ಹೊಟ್ಟೆಗೆ ಲಾಭ, ಮೂರನೆಯ ದಿನಕ್ಕೆ ಏನೂ ಇಲ್ಲ. ಶನಿವಾರ 70, ಭಾನುವಾರ 50 ತುಳಿದವನು ದೂರದ ಲೆಕ್ಕದಲ್ಲಿ ಅವನಷ್ಟೇ. ಆದರೆ ಇವನ ಭಾನುವಾರದ ಐವತ್ತು ದಣಿದ ಕಾಲಿನ ಐವತ್ತು, ನಮಗೆ ಬೇಕಾದ ಸರಕು ಅದು. ಒಂಬತ್ತನೆಯ ಅಥವಾ ಹತ್ತನೆಯ ವಾರ ಒಂದು ಶುಕ್ರವಾರ ರಜೆ ಹಾಕಿ, ಮೂರು ದಿನ ಬೆನ್ನುಬೆನ್ನಿಗೆ 80, 100, 80 ತುಳಿಯಿರಿ, ಗುಂಪಿನವರೆಲ್ಲ ಒಟ್ಟಿಗೆ. ಯಾರಿಗೆ ಮಂಡಿ ನೋಯುತ್ತದೆ, ಯಾರ ಸೀಟು ಒಂದು ಬೆರಳು ಎತ್ತರ, ಯಾರು ಬೆಳಗ್ಗೆ ಸಿಡುಕುತ್ತಾರೆ ಎಂಬುದೆಲ್ಲ ಅಲ್ಲೇ ಬಯಲಾಗುತ್ತದೆ.

ಪ್ರತಿ ನಾಲ್ಕನೆಯ ವಾರ ದೂರವನ್ನು ಅರ್ಧಕ್ಕಿಳಿಸಿ. ಹೊರಡುವುದಕ್ಕೆ ಮೊದಲಿನ ಹತ್ತು ದಿನವೂ ಹಾಗೆಯೇ. ಅಲ್ಲಿ ಭಯಕ್ಕೆ ಬಿದ್ದು ಹೆಚ್ಚು ತುಳಿದರೆ ಬರುವುದು ಶಕ್ತಿಯಲ್ಲ, ಜ್ವರ.

ವೇಗದ ವಿಷಯದಲ್ಲಿ ನನ್ನದು ಹಳೆಯ ಕಾಲದ ಅಳತೆ. ಪಕ್ಕದವನ ಜೊತೆ ಉಸಿರು ಕಡಿಯದೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಹತ್ತರಲ್ಲಿ ಎಂಟು ಪಾಲು ಸವಾರಿ ಈ ವೇಗದಲ್ಲೇ ನಡೆಯಲಿ. ಸ್ಟ್ರಾವಾದಲ್ಲಿ ಕಿರೀಟ ಹುಡುಕುವವರಿಗೆ ಇದು ಹಿಡಿಸುವುದಿಲ್ಲ. ಹಾಗೆಂದು ದಿನವೂ ನಡುಜೋರಿನಲ್ಲೇ ತುಳಿಯುವವರ ಕಾಲು ನಿಧಾನದ ತಾಳಿಕೆಯನ್ನೂ ಕಲಿಯುವುದಿಲ್ಲ, ಜೋರಿನ ಬಿರುಸನ್ನೂ ಕಲಿಯುವುದಿಲ್ಲ. ವಾರಕ್ಕೊಂದು ಏರಿನ ಅಭ್ಯಾಸ ಬೇಕೇ ಬೇಕು. ಬೆಂಗಳೂರಿನವರಿಗೆ ನಂದಿಬೆಟ್ಟವಿದೆ, ಮೈಸೂರಿನವರಿಗೆ ಚಾಮುಂಡಿ. ನಂದಿಯಲ್ಲಿ ಮೇಲೆ ಮುಟ್ಟಿ ಫೋಟೊ ತೆಗೆಸಿಕೊಂಡು ಇಳಿದುಬಿಡುವುದೇ ರೂಢಿ. ಇಳಿದು ಇನ್ನೊಮ್ಮೆ ಹತ್ತುವುದು ಅಭ್ಯಾಸ. ರಾಯಚೂರು, ವಿಜಯಪುರದ ಕಡೆಯವರು ‘ನಮಗೆ ಗುಡ್ಡವೇ ಇಲ್ಲ’ ಎಂದು ಕೈಚೆಲ್ಲಬೇಕಿಲ್ಲ. ಬಯಲುಸೀಮೆಯ ಘಾಟಿ ಎಂದರೆ ಎದುರುಗಾಳಿ. ಅದರ ಮುಖಕ್ಕೆ ಭಾರದ ಗೇರಿನಲ್ಲಿ ಇಪ್ಪತ್ತು ನಿಮಿಷ ಎಡೆಬಿಡದೆ ತುಳಿದು ನೋಡಿ. ದೇಶಕ್ಕೆ ಒಳ್ಳೊಳ್ಳೆಯ ಸೈಕಲಿಗರನ್ನು ಕೊಟ್ಟ ಜಿಲ್ಲೆ ವಿಜಯಪುರ. ಅಲ್ಲಿ ಯಾವ ಆಗುಂಬೆಯೂ ಇರಲಿಲ್ಲ.

ಕಾಲು ತಯಾರಾದರೆ ಅರ್ಧ ಕೆಲಸ. ಉಳಿದರ್ಧ ಗುಂಪಿನದು, ಅದನ್ನು ಯಾರೂ ಅಭ್ಯಾಸ ಮಾಡುವುದೇ ಇಲ್ಲ. ಸಮತಟ್ಟಿನಲ್ಲಿ ಮುಂದಿನವನ ಹಿಂಬದಿಯ ಗಾಲಿಗೆ ಒಂದು ಮೊಳ ಬಿಟ್ಟು ತುಳಿದರೆ ಗಾಳಿಯ ಹೊಡೆತ ಅವನಿಗೆ, ನಿಮಗೆ ಕಾಲು ಭಾಗದಷ್ಟು ಶ್ರಮ ಉಳಿತಾಯ. ಕರಾವಳಿಯ ಹೆದ್ದಾರಿಯಲ್ಲಿ ಇದೇ ಆಸ್ತಿ. ಸಾಲು ಹೀಗೆ ನಡೆಯಬೇಕು: ಮುಂದಿನವನು ಒಂದೆರಡು ನಿಮಿಷ ಎಳೆಯುತ್ತಾನೆ, ಹಿಂದೆ ತಿರುಗಿ ನೋಡಿ, ಮೊಣಕೈ ಅಲುಗಿಸಿ, ಪಕ್ಕಕ್ಕೆ ಸರಿದು ಪೆಡಲ್ ಸಡಿಲಿಸುತ್ತಾನೆ. ಎರಡನೆಯವನು ಮುಂದೆ ಬಂದಾಗ ವೇಗ ಒಂದು ಚೂರೂ ಏರಬಾರದು. ತೊಂಬತ್ತು ಭಾಗ ಗುಂಪು ಒಡೆಯುವುದು ಇಲ್ಲೇ. ಸರದಿ ಬಂದ ಹುರುಪಿಗೆ 26ರಲ್ಲಿದ್ದ ಸಾಲನ್ನು 30ಕ್ಕೆ ಎಳೆಯುತ್ತಾನೆ, ಬಾಲದಲ್ಲಿದ್ದವನು ಅಂತರ ಮುಚ್ಚಲು ಹೋಗಿ ಸುಸ್ತಾಗುತ್ತಾನೆ, ಹತ್ತು ನಿಮಿಷದಲ್ಲಿ ಅವನು ಕಾಣಿಸುವುದೇ ಇಲ್ಲ. ಶಕ್ತಿ ಜಾಸ್ತಿ ಇದ್ದರೆ ಜೋರಾಗಿ ಎಳೆಯಬೇಡಿ, ಜಾಸ್ತಿ ಹೊತ್ತು ಎಳೆಯಿರಿ. ಆರು ನಿಮಿಷ ಎಳೆಯಿರಿ, ಯಾರು ಬೇಡ ಎಂದಾರು?

‘ಗುಂಡಿ’, ‘ಹಂಪು’, ‘ಲಾರಿ ಬಂತು’ ಎಂದು ಕೂಗುವ ಮಾತು ಬಾಲದ ತನಕ ದಾಟಬೇಕು. ಬಣ್ಣ ಬಳಿಯದ ಹಂಪು ನಮ್ಮ ಹಳ್ಳಿಗಳ ಶಾಲೆ, ಗುಡಿ, ಮಾವಿನಮರ ಕಂಡಲ್ಲೆಲ್ಲ ಇರುತ್ತದೆ. ಮುಂದಿನವನಿಗೆ ಅದು ಕಾಣುತ್ತದೆ, ಅವನ ಬೆನ್ನನ್ನೇ ನೋಡುತ್ತಿರುವ ಐದನೆಯವನಿಗೆ ಕಾಣುವುದಿಲ್ಲ. ಘಾಟಿಯಲ್ಲಿ ಮಾತ್ರ ಸಾಲಿನ ನಿಯಮ ರದ್ದು. ಏರುವಾಗ ಅವರವರ ವೇಗ ಅವರವರಿಗೆ. ನಿಧಾನದವನಿಗಾಗಿ ನಡುಘಾಟಿಯಲ್ಲಿ ಕಾಯುವುದು ಇಬ್ಬರಿಗೂ ಶಿಕ್ಷೆ. ತುದಿಯಲ್ಲಿ ಕಾಯಿರಿ. ಇಳಿಯುವಾಗ ನಡುವೆ ಐವತ್ತು ಮೀಟರ್ ಬಿಡಿ. ಆಗುಂಬೆಯಲ್ಲಿ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು. ತಿರುವಿಗೆ ಮುಂಚೆ ಒತ್ತಿ, ತಿರುವಿನಲ್ಲಿ ಬಿಟ್ಟುಬಿಡಿ. ಇನ್ನೊಂದು ಮಾತು. ಬೆಳಗ್ಗೆ ಆರಕ್ಕೆ ಶಿವಮೊಗ್ಗ ಬಿಟ್ಟವರು ಮಧ್ಯಾಹ್ನ ಒಂದರೊಳಗೆ ಆಗುಂಬೆಯಲ್ಲಿರುತ್ತಾರೆ. ಅಲ್ಲಿ ಯಾರಾದರೂ ‘ಸೂರ್ಯಾಸ್ತ ನೋಡಿ ಇಳಿಯೋಣ’ ಎಂದು ರಾಗ ತೆಗೆದೇ ತೆಗೆಯುತ್ತಾರೆ. ಕತ್ತಲಲ್ಲಿ ಆ ಹದಿನಾಲ್ಕು ತಿರುವು ಇಳಿಯುವ ಹುಚ್ಚು ಬೇಡ. ಸೂರ್ಯ ಮಲ್ಪೆಯಲ್ಲೂ ಮುಳುಗುತ್ತಾನೆ.

ಜೊತೆಗೆ ಒಂದು ಗಾಡಿ ಇರಲಿ, ಆದರೆ ಬೆನ್ನ ಹಿಂದೆ ಬೇಡ. ಸೈಕಲ್ ವೇಗದಲ್ಲಿ ತೆವಳುವ ಜೀಪು ಹಿಂದೆ ಇಡೀ ಘಾಟಿಯ ಬಸ್ಸುಗಳನ್ನು ಸಾಲುಗಟ್ಟಿಸುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ತೆರೆದ ಬಾಗಿಲಿನ ಜೀಪು ಕಣ್ಣಿಗೆ ಬೀಳುತ್ತಿದ್ದರೆ ಮೂರನೆಯ ದಿನ ಮನಸ್ಸು ಅದರೊಳಗೆ ಮೊದಲು ಹತ್ತಿ ಕೂರುತ್ತದೆ. ಮೂವತ್ತು ಕಿ.ಮೀ. ಮುಂದೆ ಹೋಗಿ ಬಾಳೆಹಣ್ಣು, ನೀರು ಇಟ್ಟುಕೊಂಡು ನಿಲ್ಲಲಿ.

ತಿನ್ನುವುದು ಹಸಿವಾದ ಮೇಲಲ್ಲ. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಎನ್ನುವುದು ಒಪ್ಪಿತ ಲೆಕ್ಕ: ಎರಡು ಪಚ್ಚಬಾಳೆ, ಒಂದು ತುಂಡು ಬೆಲ್ಲ. ವಿದೇಶಿ ಜೆಲ್‌ಗೆ ನೂರಾರು ರೂಪಾಯಿ ಸುರಿಯುವವರ ಜೊತೆ ಜಗಳವಿಲ್ಲ. ಉಡುಪಿಯ ಬನ್ಸ್ ಎರಡು ಜೇಬಿನಲ್ಲಿದ್ದರೆ ಕುಂದಾಪುರ ದಾಟಲು ಅಷ್ಟು ಸಾಕು. ಕರಾವಳಿಯ ಸೆಕೆಗೆ ಬೆವರಿನ ಜೊತೆ ಉಪ್ಪೂ ಹೋಗುತ್ತದೆ, ಬಾಟಲಿಗೆ ಲಿಂಬೆ, ಉಪ್ಪು, ಸಕ್ಕರೆ ಬೀಳಲಿ. ಗೇರುಸೊಪ್ಪೆಯಲ್ಲಿ ಎರಡೂ ಬಾಟಲಿ ತುಂಬಿಸದೆ ಘಾಟಿಗೆ ಕಾಲಿಡಬೇಡಿ, ಮೇಲೆ ಅಂಗಡಿಗಳನ್ನು ನಂಬಿಕೊಳ್ಳುವಂತಿಲ್ಲ.

ನಾಚಿಕೆಯಿಂದ ಯಾರೂ ಹೇಳದ ವಿಷಯವೊಂದಿದೆ. ಬಹುದಿನದ ಸವಾರಿ ಬಿಟ್ಟು ಮನೆಗೆ ಹೋದವರಲ್ಲಿ ಅನೇಕರಿಗೆ ಕಾಲು ಕೈಕೊಟ್ಟಿರುವುದಿಲ್ಲ, ಕೂರುವ ಜಾಗ ಕೈಕೊಟ್ಟಿರುತ್ತದೆ. ಬೆವರು, ಉಜ್ಜಾಟ, ಒದ್ದೆ ಬಟ್ಟೆ ಸೇರಿ ಎರಡನೆಯ ದಿನ ಕೆಂಪು, ಮೂರನೆಯ ದಿನ ಹುಣ್ಣು. ಪ್ಯಾಡ್ ಇರುವ ಚಡ್ಡಿ ಮೂರಾದರೂ ಬೇಕು, ಏಕೆಂದರೆ ಉಡುಪಿಯಲ್ಲಿ ಸಂಜೆ ಒಗೆದದ್ದು ಮರುದಿನ ಬೆಳಗ್ಗೆಗೆ ಒಣಗುವುದಿಲ್ಲ. ಹೊಸ ಸೀಟು ಹಾಕಿಸುವ ಆಸೆಯಿದ್ದರೆ ಎರಡು ತಿಂಗಳು ಮೊದಲೇ ತೀರಿಸಿಕೊಳ್ಳಿ.

ಸೈಕಲ್ ಯಾವುದಾದರೂ ನಡೆಯುತ್ತದೆ. ಹಿಂದಿನ ಚಕ್ರಕ್ಕೆ 32 ಅಥವಾ 34 ಹಲ್ಲಿನ ಸ್ಪ್ರಾಕೆಟ್ ಇದ್ದರೆ ಮಂಡಿ ಉಳಿಯುತ್ತದೆ. ಟ್ಯೂಬ್, ಪಂಪು ಎಲ್ಲರೂ ಒಯ್ಯುತ್ತಾರೆ. ಹಿಂದಿನ ಡಿರೈಲರ್ ತೂಗುಹಾಕುವ ಹ್ಯಾಂಗರ್ ಎಂಬ ಬೆರಳುದ್ದದ ಅಲ್ಯುಮಿನಿಯಂ ತುಂಡನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಸೈಕಲ್ ಬಲಮಗ್ಗುಲಿಗೆ ಬಿದ್ದರೆ ಮೊದಲು ಬಾಗುವುದೇ ಅದು, ಬಾಗಲೆಂದೇ ಮಾಡಿದ್ದು. ಮಾದರಿಗೊಂದು ಆಕಾರ, ನಿಮ್ಮದು ತೀರ್ಥಹಳ್ಳಿಯಲ್ಲಾಗಲಿ ಹೊನ್ನಾವರದಲ್ಲಾಗಲಿ ಸಿಕ್ಕುತ್ತದೆಂಬ ಭ್ರಮೆ ಬೇಡ. ನಿಮ್ಮ ಫ್ರೇಮಿಗೆ ಹೊಂದುವುದನ್ನು ಈಗಲೇ ತರಿಸಿ ಚೀಲದ ತಳಕ್ಕೆ ಹಾಕಿ.

ಇಷ್ಟೆಲ್ಲ ಕಟ್ಟುನಿಟ್ಟು ಮಾಡಿಕೊಂಡು ಮೂರು ದಿನ ಕಾಲು ಬಿಗಿಹಿಡಿದ ಬಲಶಾಲಿಗಳಿಗೂ ಏನಾದರೂ ಸಿಗಬೇಡವೇ? ನಾಲ್ಕನೆಯ ದಿನ ಸಾಗರದಿಂದ ಆನಂದಪುರದ ತನಕ ಸಾಲಿನಲ್ಲೇ ಬನ್ನಿ. ಅಲ್ಲಿ ಕಾಫಿ ಕುಡಿದು ಎದ್ದ ಮೇಲೆ ಕುಂಸಿಯವರೆಗೆ ಅವರವರ ಇಷ್ಟ; ಯಾರು ಯಾರನ್ನು ಬೇಕಾದರೂ ಹಿಂದಿಕ್ಕಲಿ, ನಿಧಾನದವರಿಗೆ ಬೇಜಾರಿಲ್ಲ. ಕುಂಸಿಯಲ್ಲಿ ಎಲ್ಲರೂ ಸೇರಿ ಮತ್ತೆ ಸಾಲು ಕಟ್ಟಿ. ಆಯನೂರು ದಾಟಿದ ಮೇಲೆ ಊರಿನ ವಾಹನ ಹೆಚ್ಚುತ್ತದೆ, ಅಲ್ಲಿ ಪೈಪೋಟಿ ಬೇಡ.