‘ದಿ ಕಿಂಗ್ ಆಫ್ ಡೆನ್ಮಾರ್ಕ್’: ಒಂದು ವಾದ್ಯಕೃತಿ ಮತ್ತು ಅದರ ಐತಿಹ್ಯ

ಅಮೆರಿಕದ ಸಂಗೀತರಚನಕಾರ ಮಾರ್ಟನ್ ಫೆಲ್ಡ್‌ಮನ್ (1926–1987) 1964ರಲ್ಲಿ ರಚಿಸಿದ ‘ದಿ ಕಿಂಗ್ ಆಫ್ ಡೆನ್ಮಾರ್ಕ್’ (ಡೆನ್ಮಾರ್ಕಿನ ಅರಸ) ಒಬ್ಬನೇ ವಾದಕನು ನುಡಿಸತಕ್ಕ ತಾಳವಾದ್ಯಗಳ ಕೃತಿ. ಇದರ ಗುಣದೋಷವಿವೇಚನೆ ಸಂಗೀತಜ್ಞರಿಗೆ ಸೇರಿದ ಕಾರ್ಯವೆಂಬುದು ದಿಟ. ಆದರೆ ಕೃತಿಯ ಹೆಸರೇ ಒಂದು ಐತಿಹಾಸಿಕ ಘಟನೆಯನ್ನು ಸೂಚಿಸುವುದರಿಂದ, ಇತಿಹಾಸದ ವ್ಯಾಸಂಗಿಗಳಾದ ನಾವೂ ಅದನ್ನು ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಕೃತಿಯ ಲಿಪಿಯಲ್ಲಿ ರೂಢಿಯ ಸ್ವರಾಂಕನ ಬಹುಮಟ್ಟಿಗೆ ಇಲ್ಲ. ಚೌಕಗಳ ಮೂರು ಸಾಲುಗಳಿವೆ. ಅವು ಕ್ರಮವಾಗಿ ತಾರ, ಮಧ್ಯ, ಮಂದ್ರ ಧ್ವನಿಗಳನ್ನು ಸೂಚಿಸುತ್ತವೆ. ಚೌಕದೊಳಗಿನ ಅಂಕಿ ಅಲ್ಲಿ ನುಡಿಸಬೇಕಾದ ನಾದಗಳ ಸಂಖ್ಯೆ. ವಾದ್ಯಗಳ ಆಯ್ಕೆಯ ಬಹುಭಾಗ ವಾದಕನಿಗೇ ಬಿಟ್ಟದ್ದು. ಆದರೆ ಎರಡು ವಿಧಿಗಳು ಕಠಿನವಾದುವು: ಕೋಲನ್ನು ಮುಟ್ಟದೆ ಬೆರಳು, ಅಂಗೈ, ತೋಳುಗಳಿಂದಲೇ ನುಡಿಸಬೇಕು, ನಾದವೆಲ್ಲ ಅತಿ ಮೆಲ್ಲನೆ, ಆದಷ್ಟು ಸಮವಾಗಿ ಹೊರಡಬೇಕು. ಮ್ಯಾಕ್ಸ್ ನ್ಯೂಹೌಸ್ 1968ರಲ್ಲಿ ಹೊರತಂದ ಧ್ವನಿಮುದ್ರಿಕೆಯಲ್ಲಿ ಈ ಕೃತಿಯೊಡನೆ ಸ್ಟಾಕ್‌ಹೌಸನ್ನನ ‘ಝೈಕ್ಲುಸ್’ (1959) ಕೂಡ ಇದೆ. ಎರಡನ್ನೂ ಒಟ್ಟಿಗೆ ಕೇಳಿದವರಿಗೆ ಭೇದ ಸ್ಪಷ್ಟವಾಗುತ್ತದೆ. ಅಲ್ಲಿ ವಾದಕನ ಸಾಹಸವೇ ಪ್ರಧಾನ. ಇಲ್ಲಿ ಅವನು ಇದ್ದಾನೆಂಬುದೇ ಮರೆಯಾಗುವಷ್ಟು ಸಂಯಮ.

ಹೆಸರಿಗೆ ಮೂಲವಾದ ಕಥೆ ಪ್ರಸಿದ್ಧವಾದುದು. ಜರ್ಮನರು ಡೆನ್ಮಾರ್ಕನ್ನು ಆಕ್ರಮಿಸಿದ್ದಾಗ ಅರಸ ಹತ್ತನೆಯ ಕ್ರಿಶ್ಚಿಯನ್, ಯೆಹೂದ್ಯರ ಮೇಲೆ ಹೇರಿದ ಹಳದಿ ನಕ್ಷತ್ರವನ್ನು ತಾನೇ ಧರಿಸಿ ಬೀದಿಯಲ್ಲಿ ಸಂಚರಿಸಿದನಂತೆ. ಯೆಹೂದ್ಯ ಮನೆತನದವನಾದ ಫೆಲ್ಡ್‌ಮನ್ ಇದನ್ನು ಮೌನ ಪ್ರತಿಭಟನೆಯೆಂದು ಭಾವಿಸಿದನು. ಆದರೆ ಕಥೆ ನಿಜವಲ್ಲ. ಡೆನ್ಮಾರ್ಕಿನಲ್ಲಿ ನಕ್ಷತ್ರಧಾರಣೆಯ ಆಜ್ಞೆ ಎಂದೂ ಹೊರಡಲಿಲ್ಲ. ಅರಸನು 1942ರವರೆಗೆ ಕಾವಲಿಲ್ಲದೆ ಕುದುರೆಯೇರಿ ಕೋಪನ್‌ಹೇಗನ್ನಿನಲ್ಲಿ ಸಂಚರಿಸುತ್ತಿದ್ದುದಷ್ಟೇ ಸತ್ಯ. ನಡೆದುದು ಬೇರೆ. 1943ರ ಅಕ್ಟೋಬರ್‌ನಲ್ಲಿ ಬೆಸ್ತರು, ವೈದ್ಯರು, ನೆರೆಹೊರೆಯವರು ಏಳು ಸಾವಿರಕ್ಕೂ ಹೆಚ್ಚು ಮಂದಿಯನ್ನು ಬಚ್ಚಿಟ್ಟು, ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದರು. ಸುಮಾರು 470 ಮಂದಿ ಸೆರೆಸಿಕ್ಕಿ ಥೆರೇಸಿಯನ್‌ಸ್ಟಾಟ್ ಶಿಬಿರದ ಪಾಲಾದರು.

ಹಾಗಾದರೆ ಐತಿಹ್ಯ ಬಿದ್ದೊಡನೆ ಕೃತಿಯೂ ಬೀಳುವುದೆ? ಇಲ್ಲವೆಂದೇ ನಮ್ಮ ಅಭಿಪ್ರಾಯ. ಐತಿಹ್ಯದಲ್ಲಿರುವುದು ಎಲ್ಲರ ಕಣ್ಣೆದುರು ಒಬ್ಬ ಅರಸ ತೋರಿದ ಧೈರ್ಯ. ಇತಿಹಾಸದಲ್ಲಿರುವುದು ಕತ್ತಲಲ್ಲಿ, ಸದ್ದಾಗದಂತೆ, ಅನೇಕ ಕೈಗಳು ಮಾಡಿದ ಕೆಲಸ. ಬರಿಗೈಯಿಂದ ಅಡಗುದನಿಯಲ್ಲಿ ಸಾಗುವ ಈ ನಾದ, ಕರ್ತೃ ನಂಬಿದ ಕಥೆಗಿಂತ ನಡೆದ ಸಂಗತಿಗೇ ಹತ್ತಿರವಾಗಿದೆ. ಇದು ಕರ್ತೃವಿನ ಉದ್ದೇಶವೆಂದು ನಾವು ಹೇಳುತ್ತಿಲ್ಲ. ಸಂಗೀತವನ್ನು ಇತಿಹಾಸಕ್ಕೆ ಆಧಾರವೆಂದೂ ಎಣಿಸಬಾರದು. ಆದರೆ ಹೆಸರಿನ ಬಲದಿಂದ ಕೇಳುಗರು ಕಟ್ಟುಕಥೆಯನ್ನೇ ಸತ್ಯವೆಂದು ನಂಬಿಕೊಳ್ಳುವ ಅಪಾಯವುಂಟು. ಆ ಕಥೆಗೆ ಸಿಕ್ಕ ಕೀರ್ತಿ ದೋಣಿ ನಡೆಸಿದವರಿಂದ ಕಸಿದುಕೊಂಡದ್ದು. ಆದುದರಿಂದ ಈ ಕೃತಿಯನ್ನು ನುಡಿಸುವವರು ಹೆಸರನ್ನು ಬದಲಿಸಬೇಕಾಗಿಲ್ಲ. ಕಾರ್ಯಕ್ರಮಪತ್ರಿಕೆಯಲ್ಲಿ ಅದರ ಪಕ್ಕದಲ್ಲಿ 1943ರ ಸಂಗತಿಯನ್ನು ನಾಲ್ಕು ಸಾಲಿನಲ್ಲಿ ತಿಳಿಸುವುದು ಅವರ ಕರ್ತವ್ಯ.