ಹೆಸರು ಹೇಳದ ಹರಕೆ

ಪ್ರಾರ್ಥನೆಯನ್ನು ಸಾಹಿತ್ಯವೆಂದು ಓದಬಹುದೇ ಎಂದು ಕೆಲವರು ಕೇಳಿಯಾರು. ಇಂಗ್ಲಿಷ್ ಗದ್ಯದ ಚರಿತ್ರೆಯನ್ನು ಬಲ್ಲವರಿಗೆ ಈ ಶಂಕೆ ಬಾರದು. 1549ರಲ್ಲಿ ಥಾಮಸ್ ಕ್ರ್ಯಾನ್ಮರ್ ರೂಪಿಸಿದ, 1662ರಲ್ಲಿ ಇಂದಿನ ರೂಪಕ್ಕೆ ಬಂದು ನಿಂತ ಸಾಮಾನ್ಯ ಪ್ರಾರ್ಥನಾ ಪುಸ್ತಕವು ಆ ಭಾಷೆಗೆ ನಡೆಯನ್ನು ಕಲಿಸಿದ ಗ್ರಂಥಗಳಲ್ಲೊಂದು. ಅದರ ವಿವಾಹವಿಧಿಯ ಮಾತುಗಳು ಚರ್ಚಿನ ಮೆಟ್ಟಿಲು ಹತ್ತದವರ ನಾಲಗೆಯ ಮೇಲೂ ಇವೆ. ಆ ಪರಂಪರೆಗೆ ಈಚೆಗೆ ಸೇರಿದ ಒಂದು ಬರಹವನ್ನು ಅದೇ ಅಳತೆಗೋಲಿನಿಂದ ನೋಡುವುದು ಇಲ್ಲಿಯ ಉದ್ದೇಶ. ಇಂಗ್ಲೆಂಡಿನ ಚರ್ಚಿನ ಬಿಷಪ್ಪರು 2023ರ ಡಿಸೆಂಬರಿನಲ್ಲಿ ಬಳಕೆಗೆ ಒಪ್ಪಿಸಿದ ‘ಪ್ರೀತಿ ಮತ್ತು ವಿಶ್ವಾಸದ ಪ್ರಾರ್ಥನೆಗಳು’ ಎಂಬ ಸಂಗ್ರಹವೇ ಆ ಬರಹ.

ಇದರ ಹಿನ್ನೆಲೆಯನ್ನು ಚುಟುಕಾಗಿ ಹೇಳಬೇಕು. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗಬಹುದೆಂಬ ಕಾಯಿದೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2013ರಲ್ಲಿ ಆಯಿತು. 2014ರ ಮಾರ್ಚ್ 29ರಂದು ಮೊದಲ ಮದುವೆಗಳು ನಡೆದುವು. ಆದರೆ ಇಂಗ್ಲೆಂಡಿನ ಚರ್ಚನ್ನು ಆ ಕಾಯಿದೆಯೇ ಬೇಲಿ ಹಾಕಿ ಹೊರಗಿಟ್ಟಿತು. ವಿವಾಹವೆಂದರೆ ಒಬ್ಬ ಪುರುಷ, ಒಬ್ಬ ಸ್ತ್ರೀ ಇವರ ಐಕ್ಯವೆಂಬುದು ಆ ಚರ್ಚಿನ ನಿಯಮ. ಹೀಗಿರುತ್ತ 2023ರ ಫೆಬ್ರವರಿಯಲ್ಲಿ ಚರ್ಚಿನ ಮಹಾಸಭೆಯಾದ ಸಿನಡ್ ದೀರ್ಘ ಚರ್ಚೆ ನಡೆಸಿ, ಸಲಿಂಗ ದಂಪತಿಗಳಿಗಾಗಿ ಪ್ರಾರ್ಥನೆ ಸಲ್ಲಿಸಬಹುದೆಂಬ ಬಿಷಪ್ಪರ ಸಲಹೆಯನ್ನು ಸ್ವಾಗತಿಸಿತು. ಬಿಷಪ್ಪರಲ್ಲಿ 36 ಮತಗಳು ಪರ, 4 ವಿರೋಧ. ಪಾದ್ರಿಗಳಲ್ಲಿ 111 ಮತ್ತು 85. ಸಾಮಾನ್ಯ ಸದಸ್ಯರಲ್ಲಿ 103 ಮತ್ತು 92. ವಿವಾಹದ ಸಿದ್ಧಾಂತ ಮಾತ್ರ ಬದಲಾಗಿಲ್ಲವೆಂದು ಸಾರಲಾಯಿತು.

ಸಂಗ್ರಹವನ್ನು ಪ್ರತ್ಯೇಕವಾಗಿ ಓದಿದರೆ ಅದರ ಮೇಲೆ ದೋಷ ಹೊರಿಸುವುದು ಸುಲಭವಲ್ಲ. ಮಾತು ಮೃದು, ಸ್ವರ ವಿನಯದ್ದು. ಇಬ್ಬರ ಒಲವಿಗಾಗಿ, ನಿಷ್ಠೆಗಾಗಿ, ಒಡನಾಟಕ್ಕಾಗಿ ದೇವರಿಗೆ ಕೃತಜ್ಞತೆ ಸಲ್ಲುತ್ತದೆ. ಅವರ ಮೇಲೆ ಕೃಪೆಯಿರಲೆಂಬ ಬೇಡಿಕೆಯಿದೆ. ಆದರೆ ಆ ಇಬ್ಬರು ಮದುವೆಯಾದವರೆಂಬ ಒಂದು ಮಾತನ್ನು ಬಳಸಿಕೊಂಡು ಸುತ್ತಿ ಹೋಗಲೆಂದೇ ವಾಕ್ಯಗಳನ್ನು ಕಟ್ಟಿದಂತಿದೆ. ರಿಜಿಸ್ಟ್ರಾರರ ಮುಂದಿನ ಮದುವೆ ಬೇರೆ, ಪವಿತ್ರ ವಿವಾಹ ಬೇರೆ. ನಾವು ಹರಸುವುದು ವ್ಯಕ್ತಿಗಳನ್ನು, ಅವರ ಮದುವೆಯನ್ನಲ್ಲ ಎಂಬುದು ಇದಕ್ಕೆ ಆಧಾರವಾದ ತರ್ಕ. ಕೈ ಹಿಡಿದು ಬಂದ ಇಬ್ಬರನ್ನೂ ಪಾದ್ರಿ ನೋಡಬೇಕು. ಹಿಡಿದ ಕೈಯನ್ನು ಮಾತ್ರ ನೋಡಬಾರದು!

ಇಂಥ ಇಬ್ಬಂದಿಯ ಮಾತು ಆ ಚರ್ಚಿಗೆ ಹೊಸದಲ್ಲವೆಂದು ಅದರ ಪಕ್ಷಪಾತಿಗಳು ಹೇಳಬಹುದು. ಅದು ನಿಜವೂ ಹೌದು. ಪ್ರಭುಭೋಜನದ ರೊಟ್ಟಿಯನ್ನು ಕೊಡುವಾಗ ಕ್ರಿಸ್ತನ ದೇಹವನ್ನು ಹೆಸರಿಸುವ ಮಾತು 1549ರ ಪುಸ್ತಕದಲ್ಲಿತ್ತು. 1552ರಲ್ಲಿ ಅದನ್ನು ತೆಗೆದು, ಸ್ಮರಣೆಗಾಗಿ ತಿನ್ನಬೇಕೆಂಬ ಮಾತನ್ನು ಇಟ್ಟರು. 1559ರಲ್ಲಿ, ಎಲಿಜಬೆತ್ ರಾಣಿಯ ಕಾಲದಲ್ಲಿ, ಎರಡನ್ನೂ ಒಟ್ಟಿಗೆ ಜೋಡಿಸಿದರು. ಎರಡು ನಂಬಿಕೆಯವರು ಒಂದೇ ಪಂಕ್ತಿಯಲ್ಲಿ ಮೊಣಕಾಲೂರಿದರು. ಅದು ಜಾಣತನವಷ್ಟೇ ಅಲ್ಲ, ಉದಾರತೆ. ಆದರೆ ಅಲ್ಲಿ ಎರಡು ಮಾತುಗಳನ್ನೂ ಹೇಳಿದರು. ಇಲ್ಲಿ ಒಂದನ್ನೂ ಪೂರ್ತಿಯಾಗಿ ಹೇಳಿಲ್ಲ. ಅಲ್ಲಿಯ ಸಂದಿಗ್ಧ ದೈವರಹಸ್ಯವನ್ನು ಕುರಿತದ್ದು. ಇಲ್ಲಿಯದು ಎದುರಿಗೆ ನಿಂತ ಇಬ್ಬರು ಮನುಷ್ಯರನ್ನು ಕುರಿತದ್ದು.

ವಿರೋಧಿಗಳ ವಾದವನ್ನು ಹಗುರವಾಗಿ ಕಾಣಬಾರದು. ಪತಿಪತ್ನಿಯರ ಸಂಬಂಧವು ಕ್ರಿಸ್ತನಿಗೂ ಅವನ ಸಭೆಗೂ ಇರುವ ಸಂಬಂಧದ ಪ್ರತಿಮೆಯೆಂದು ಎಫೆಸದವರಿಗೆ ಬರೆದ ಪತ್ರ ಹೇಳುತ್ತದೆ. ಪ್ರತಿಮೆಯ ಒಂದು ಅಂಗವನ್ನು ಬದಲಿಸಿದರೆ ಅರ್ಥವೇ ಬದಲಾಗುವುದೆಂದು ಅವರೆನ್ನುತ್ತಾರೆ. ಕಾವ್ಯವನ್ನು ಬಲ್ಲವರು ಈ ಮಾತಿಗೆ ಗೌರವ ಕೊಡಬೇಕು. ಆದರೆ ಚರ್ಚಿನ ಪುಸ್ತಕಗಳೇ ಇದರ ಜೊತೆಗೆ ಇನ್ನೊಂದು ಮಾತನ್ನೂ ಹೇಳುತ್ತವೆ. ವಿವಾಹದ ಉದ್ದೇಶಗಳಲ್ಲಿ 1662ರ ಪುಸ್ತಕ ಸಂತಾನವನ್ನು ಮೊದಲಿಗೂ ಪರಸ್ಪರ ಆಸರೆಯನ್ನು ಕೊನೆಗೂ ಇಟ್ಟಿತ್ತು. 1980ರ ಪುಸ್ತಕದಲ್ಲಿ ಆಸರೆಯೇ ಮೊದಲಿಗೆ ಬಂತು. ಹೆರುವ ವಯಸ್ಸು ದಾಟಿದ ವಧುವಿದ್ದಲ್ಲಿ ಸಂತಾನದ ಪ್ರಾರ್ಥನೆಯನ್ನು ಬಿಡಬೇಕೆಂದು 1662ರಲ್ಲಿಯೇ ಸೂಚನೆಯಿತ್ತು. ಒಡನಾಟವೊಂದೇ ಮದುವೆಗೆ ಸಾಲದೆನ್ನುವವರು ಈ ಸೂಚನೆಗೂ ಉತ್ತರ ಹೇಳಬೇಕಾಗುತ್ತದೆ.

ಬಿಚ್ಚುಮಾತಿನ ದಾರಿಯೊಂದು ಪಕ್ಕದಲ್ಲಿಯೇ ಇತ್ತು. 2021ರಲ್ಲಿ ಬ್ರಿಟನ್ನಿನ ಮೆಥಡಿಸ್ಟ್ ಚರ್ಚು, ಮದುವೆ ಇಬ್ಬರು ವ್ಯಕ್ತಿಗಳದ್ದಾಗಬಹುದೆಂದು ಒಪ್ಪಿತು. ಮನಸ್ಸೊಪ್ಪದ ಪಾದ್ರಿ ಅದನ್ನು ನಡೆಸಬೇಕಾಗಿಲ್ಲವೆಂದೂ ಹೇಳಿತು. ಇದನ್ನು ಒಪ್ಪುವುದೂ ಬಿಡುವುದೂ ಓದುಗರ ವಿವೇಕಕ್ಕೆ ಸೇರಿದ್ದು. ಆದರೆ ಆ ನಿರ್ಣಯ ಏನು ಹೇಳುತ್ತದೆಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಖಡಾಖಂಡಿತವಾಗಿ ಇಲ್ಲವೆನ್ನುವ ಚರ್ಚುಗಳ ಮಾತಿಗೂ ಈ ಗುಣವಿದೆ.

ಪ್ರಾರ್ಥನೆಯ ನಿಯಮವೇ ವಿಶ್ವಾಸದ ನಿಯಮವೆಂಬುದು ಕ್ರೈಸ್ತರ ಹಳೆಯ ಸೂತ್ರ. ಮಾತಿನಿಂದ ಕೆಲಸವಾಗುತ್ತದೆಂಬ ಈ ನಂಬಿಕೆ ನಮಗೂ ಅಪರಿಚಿತವಲ್ಲ. ಸಪ್ತಪದಿಯುಳ್ಳ ವಿವಾಹ ಏಳನೆಯ ಹೆಜ್ಜೆಗೆ ಪೂರ್ಣವಾಗುವುದೆಂದು 1955ರ ನಮ್ಮ ಹಿಂದೂ ವಿವಾಹ ಕಾಯಿದೆಯೂ ಹೇಳುತ್ತದೆ. ಆರು ಹೆಜ್ಜೆ ನಡೆಸಿ, ಏಳನೆಯದಕ್ಕೆ ಮಂತ್ರ ಮರೆತವನಂತೆ ಸುಮ್ಮನಾಗುವ ಪುರೋಹಿತನನ್ನು ಏನೆನ್ನೋಣ? ಈ ಪ್ರಾರ್ಥನೆಗಳ ಪಾಡು ಅಂಥದು. ಅವನ್ನು ನಿತ್ಯದ ಆರಾಧನೆಯ ನಡುವೆ ಹೇಳಬಹುದು. ಅವಕ್ಕೆಂದೇ ಪ್ರತ್ಯೇಕ ವಿಧಿ ಬೇಕಾದರೆ ಸಿನಡ್ಡಿನ ಮೂರು ಸದನಗಳಲ್ಲಿಯೂ ಮೂರರಲ್ಲೆರಡು ಪಾಲು ಮತ ಬೇಕೆಂದು 2025ರ ಅಕ್ಟೋಬರಿನಲ್ಲಿ ಬಿಷಪ್ಪರು ತಿಳಿಸಿದರು.

ಬರೆದವರ ಮನಸ್ಸಿನಲ್ಲಿ ಕರುಣೆಯಿತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಎಷ್ಟೋ ವರ್ಷ ಬಾಗಿಲಾಚೆ ನಿಂತವರಿಗೆ ಈ ಅರ್ಧ ಹರಕೆಯೂ ಕಣ್ಣಲ್ಲಿ ನೀರು ತರಿಸಿದ್ದೀತು. ಆದರೆ ಕ್ರ್ಯಾನ್ಮರನ ಪುಸ್ತಕ ಬಾಳಿದ್ದು, ಅದರ ವಾಕ್ಯಗಳು ಹೇಳಬೇಕಾದುದನ್ನು ಹೇಳಿ ಮುಗಿಸುತ್ತಿದ್ದುದರಿಂದ. ಹರಸಲು ಕೈಯೆತ್ತಿದ ಮೇಲೆ ಹರಕೆಯ ಹೆಸರನ್ನೂ ಹೇಳಬೇಕು. ಹೇಳಲಾಗದೆನಿಸಿದರೆ, ಹೇಳಲಾರೆವೆಂದು ಆ ಇಬ್ಬರ ಮುಖ ನೋಡಿಯೇ ಹೇಳಬೇಕು.